ಗಣಿತಕ್ಕೆ ಹೊರಗಿನವರನ್ನು ಕರೆಸಿ ಉಪನ್ಯಾಸ ಮಾಡಿಸಿದರೆ ಪದವಿ ಮಕ್ಕಳಿಗೆ ಏನಾದರೂ ದಕ್ಕುತ್ತಾ?

ಹೊಸ_ಮೇಡಂ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ತಾತ್ಕಾಲಿಕವಾಗಿ ಪಾಠ ಮಾಡುವ ಅತಿಥಿ ಉಪನ್ಯಾಸಕರ ವಿಷಯ ಅಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಹೊರಗಿನವರೊಬ್ಬರನ್ನು ಕರೆಸಿ ಮಕ್ಕಳಿಗೆ ಒಂದು ಗಂಟೆ ಗಣಿತದ ಬಗ್ಗೆ ಮಾತಾಡಿಸುತ್ತೇವಲ್ಲ, ಅದರ ವಿಷಯ.

ಈ ವರ್ಷ ಆ ಕೆಲಸ ನನ್ನ ತಲೆಗೆ ಬಂದಿದೆ. ಎರಡು ಉಪನ್ಯಾಸ ಮುಗಿದವು. ಎರಡೂ ನೆಲಕಚ್ಚಿದವು.

ಮೊದಲನೆಯವರು ತುಂಬಾ ಓದಿಕೊಂಡವರು. ಬಂದವರೇ 74 ಸ್ಲೈಡ್ ತೆರೆದರು. ಮೂರನೇ ಸ್ಲೈಡಿಗೇ ಮ್ಯಾನಿಫೋಲ್ಡ್, ಐದನೆಯದಕ್ಕೆ ಕೋಹೊಮಾಲಜಿ. ಹತ್ತು ನಿಮಿಷ ಆಗುವಷ್ಟರಲ್ಲಿ ನನಗೇ ಹಿಡಿತ ತಪ್ಪಿತ್ತು, ಇನ್ನು ಮಕ್ಕಳ ಪಾಡೇನು? ಎರಡನೆಯವರು ಇದರ ಉಲ್ಟಾ. ಗಣಿತ ಹೂವಿನಲ್ಲಿದೆ, ಸಂಗೀತದಲ್ಲಿದೆ, ಎಲ್ಲೆಲ್ಲೂ ಇದೆ ಅಂತ ಒಂದು ಗಂಟೆ ಮಾತಾಡಿದರು. ಒಂದೇ ಒಂದು ಲೆಕ್ಕ ಮಾಡಲಿಲ್ಲ. ಎರಡೂ ಸಲ ಮಕ್ಕಳು ಚಪ್ಪಾಳೆ ಹೊಡೆದು ಎದ್ದು ಹೋದರು. ಮಾರನೇ ದಿನ ಕ್ಲಾಸಿನಲ್ಲಿ "ನಿನ್ನೆ ಏನು ಕೇಳಿದಿರಿ?" ಅಂದರೆ ಎರಡೂ ಸಲ ಒಂದೇ ಮೌನ.

ಮೂರನೆಯದಕ್ಕೆ ಇನ್ನೂ ಆರು ವಾರ ಇದೆ. ಯಾರನ್ನು ಕರೆಸಲಿ ಅನ್ನುವುದಕ್ಕಿಂತ, ಹೇಗೆ ಮಾಡಿಸಲಿ ಅನ್ನುವುದೇ ನನ್ನ ತಲೆನೋವು. ಅನುಭವ ಇದ್ದವರು ದಯವಿಟ್ಟು ಹೇಳಿ.

ಸಿಲಬಸ್_ಮುಗಿಸಿ

ನಾನು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಬಿಟ್ಟುಬಿಡಿ. ಒಂದು ಗಂಟೆ ಅಂತ ಹೆಸರು, ಹೋಗುವುದು ಮೂರು ಪೀರಿಯಡ್. ನನ್ನ ರಿಯಲ್ ಅನಾಲಿಸಿಸ್ ಪಾಠ ಈಗಲೇ ಎರಡು ವಾರ ಹಿಂದಿದೆ. ಎಪ್ಸಿಲಾನ್-ಡೆಲ್ಟಾ ಬರೆಯಲು ತಡಕಾಡುವ ಹುಡುಗರಿಗೆ ಕೋಹೊಮಾಲಜಿ ಕಟ್ಟಿಕೊಂಡು ಏನಾಗಬೇಕು? ವರದಿಗೆ ಒಂದು ಫೋಟೋ ಸಿಗುತ್ತದೆ, ಅಷ್ಟೇ.

ಕೊನೆಬೆಂಚು

ನಾನು ಮೂರನೇ ವರ್ಷದ ವಿದ್ಯಾರ್ಥಿ. ನಮ್ಮ ಕಡೆಯ ಮಾತನ್ನೂ ಕೇಳಿ.

ಮಕ್ಕಳು ಪ್ರಶ್ನೆ ಕೇಳುವುದಿಲ್ಲ ಅಂತ ಎಲ್ಲರೂ ಬೈಯುತ್ತಾರೆ. ಯಾಕೆ ಕೇಳುವುದಿಲ್ಲ ಗೊತ್ತಾ? ಮುಂದಿನ ಸಾಲಿನಲ್ಲಿ ವಿಭಾಗದ ಮುಖ್ಯಸ್ಥರು ಕೂತಿರುತ್ತಾರೆ. ಅವರ ಪಕ್ಕದಲ್ಲಿ ಉಳಿದ ಮೇಷ್ಟ್ರುಗಳೆಲ್ಲ. ಭಾಷಣ ಮುಗಿದ ಕೂಡಲೇ ಮೊದಲ ಪ್ರಶ್ನೆ ಅವರದ್ದೇ. ಅದು ಪ್ರಶ್ನೆಯೂ ಅಲ್ಲ, ತಮಗೂ ಗೊತ್ತಿದೆ ಅಂತ ತೋರಿಸುವ ಇನ್ನೊಂದು ಸಣ್ಣ ಭಾಷಣ. ಅದಾದ ಮೇಲೆ "ಆ ಎರಡನೇ ಸಾಲು ಹೇಗೆ ಬಂತು?" ಅಂತ ಕೇಳಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ.

ಇನ್ನೊಂದು ಮಾತು. ಅತಿಥಿಗಳ ಪರಿಚಯ ಓದಲಿಕ್ಕೇ ಹದಿನೈದು ನಿಮಿಷ. ಅವರು ಎಷ್ಟು ಪ್ರಬಂಧ ಬರೆದಿದ್ದಾರೆ ಅನ್ನುವುದು ಕಟ್ಟಿಕೊಂಡು ನಮಗೆ ಆಗಬೇಕಾದ್ದೇನೂ ಇಲ್ಲ. ಅವರು ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ ಅಂತ ಒಂದು ಸಾಲು ಹೇಳಿದರೆ ಸಾಕು.

ಬಳಪ_ಬೋರ್ಡು

ಕೊನೆಬೆಂಚಿನವನು ಸರಿಯಾಗಿಯೇ ಹೇಳಿದ್ದಾನೆ. ಆ ಮುಂದಿನ ಸಾಲಿನಲ್ಲಿ ಕೂತು ಸಣ್ಣ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಈಗ ನಿವೃತ್ತಿಯಾಗಿದೆ, ಒಪ್ಪಿಕೊಳ್ಳಲು ತೊಂದರೆ ಇಲ್ಲ.

ನೋಡಮ್ಮ ಹೊಸ ಮೇಡಂ, ನಾನು ಇಂಥ ಉಪನ್ಯಾಸ ಕೇಳಿದ್ದೂ ಜಾಸ್ತಿ, ಕೊಟ್ಟಿದ್ದೂ ಜಾಸ್ತಿ. ಕೊಟ್ಟವುಗಳಲ್ಲಿ ಮುಕ್ಕಾಲು ಪಾಲು ನಿನ್ನ ಮೊದಲ ಅತಿಥಿಯ ಥರವೇ ಇದ್ದವು. ತಪ್ಪು ಬರೀ ಅತಿಥಿಯದ್ದಲ್ಲ. ನನ್ನನ್ನು ಕರೆದವರು ದಿನ, ಸಮಯ, ಹಾಲ್ ಹೇಳುತ್ತಿದ್ದರು. ಮಕ್ಕಳಿಗೆ ಏನು ಗೊತ್ತಿದೆ ಅಂತ ಒಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೋದ ಮೇಲೆ ನೋಡಿದರೆ ಗ್ರೂಪ್ ಅನ್ನುವ ಪದವನ್ನೇ ಕೇಳದ ಮೊದಲ ವರ್ಷದವರು ಅರ್ಧ ಹಾಲ್ ತುಂಬಿದ್ದಾರೆ. ನನ್ನ ಕೈಯಲ್ಲಿ ಗ್ರೂಪ್ ಮೇಲೇ ನಿಂತ ಗಾಲ್ವಾ ಥಿಯರಿ.

ಅದಕ್ಕೇ ಮೊದಲ ಕೆಲಸ, ಅತಿಥಿಗೆ ಒಂದು ಪುಟದ ಪತ್ರ ಬರೆ. ಯಾವ ವರ್ಷದವರು ಎಷ್ಟು ಜನ, ಈ ತಿಂಗಳು ಯಾವ ಅಧ್ಯಾಯ ನಡೆಯುತ್ತಿದೆ, ಯಾವುದು ಬಂದಿದೆ, ಯಾವುದು ಬಂದಿಲ್ಲ. ಮ್ಯಾಟ್ರಿಕ್ಸ್ ಗುಣಿಸಲು ಬರುತ್ತದೆ, ಐಗನ್‌ವ್ಯಾಲ್ಯೂ ಇನ್ನೂ ಆಗಿಲ್ಲ, ಶ್ರೇಣಿಗಳು ಈಗ ತಾನೇ ಶುರುವಾಗಿವೆ, ಹೀಗೆ. ನಾಚಿಕೆ ಪಡದೆ ಬರೆ. ಮಕ್ಕಳು ನಿಜಕ್ಕಿಂತ ಜಾಣರು ಅಂತ ಬರೆದರೆ ನಷ್ಟ ಅವರಿಗೇ.

ಗೌಸ್‌ನಂಥವನು ಎದುರಿಗೆ ಕೂತಿದ್ದಾಗಲೂ ಗಣಿತಜ್ಞ ರೀಮನ್ 1854ರಲ್ಲಿ ಜ್ಯಾಮಿತಿಯ ತಳಹದಿಯ ಬಗ್ಗೆ ಕೊಟ್ಟ ಆ ಪ್ರಸಿದ್ಧ ಉಪನ್ಯಾಸದಲ್ಲಿ ಸೂತ್ರಗಳೇ ಇಲ್ಲ ಅನ್ನುವಷ್ಟು ಕಡಿಮೆ. ಕೇಳುವವರಲ್ಲಿ ಗಣಿತ ಗೊತ್ತಿಲ್ಲದ ಬೇರೆ ವಿಭಾಗದವರೂ ಇದ್ದರು. ರೀಮನ್ ಸೂತ್ರ ಬಿಡಬಹುದಾದರೆ ನಾವು ನೀವು ಬಿಡಲಾರೆವಾ?

ಶೇಷ_ಸೊನ್ನೆ

ಬಳಪ ಸರ್ ಹೇಳಿದ ಪತ್ರ ತುಂಬಾ ಮುಖ್ಯ. ನಾನು ಸಂಖ್ಯಾ ಸಿದ್ಧಾಂತದಲ್ಲಿ ಕೆಲಸ ಮಾಡುತ್ತೇನೆ (ಸಂಖ್ಯಾಶಾಸ್ತ್ರ ಅಲ್ಲ, ದಯವಿಟ್ಟು ಯಾರೂ ಹುಟ್ಟಿದ ತಾರೀಖು ಕಳಿಸಬೇಡಿ). ಆಗಾಗ ಕಾಲೇಜುಗಳಿಗೆ ಹೋಗುತ್ತೇನೆ. ಅಂಥ ಪತ್ರ ನನಗೆ ಬಂದದ್ದು ಎರಡೇ ಸಲ. ಆ ಎರಡು ಉಪನ್ಯಾಸಗಳು ಮಾತ್ರ ನನಗೇ ತೃಪ್ತಿ ಕೊಟ್ಟವು.

ವಿಷಯ ಹೇಗೆ ಆರಿಸುವುದು? ನನ್ನದು ಒಂದೇ ಅಳತೆ. ಮೊದಲ ಐದು ನಿಮಿಷದಲ್ಲಿ ಮಕ್ಕಳ ಕೈಗೆ ಪೆನ್ನು ಬರಬೇಕು. ಅಂದರೆ ಪ್ರಶ್ನೆ ಕೂಡುವುದು ಕಳೆಯುವುದರಿಂದಲೇ ಶುರುವಾಗಬೇಕು, ಆದರೆ ಒಂದು ಗಂಟೆಯಲ್ಲಿ ಮುಗಿಯಬಾರದು.

ಉದಾಹರಣೆಗೆ ವಿಭಜನೆಗಳು. 4 ಅನ್ನು ಧನ ಪೂರ್ಣಾಂಕಗಳ ಮೊತ್ತವಾಗಿ, ಕ್ರಮ ಲೆಕ್ಕಿಸದೆ, ಎಷ್ಟು ಬಗೆಯಲ್ಲಿ ಬರೆಯಬಹುದು? 4, 3+1, 2+2, 2+1+1, 1+1+1+1. ಐದು ಬಗೆ. 5ಕ್ಕೆ ಏಳು, 6ಕ್ಕೆ ಹನ್ನೊಂದು. ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. 100ಕ್ಕೆ ಎಷ್ಟು ಅಂತ ಊಹಿಸಲು ಹೇಳಿ. ಸಾವಿರ ಅನ್ನುತ್ತಾರೆ, ಧೈರ್ಯ ಇದ್ದವರು ಲಕ್ಷ ಅನ್ನುತ್ತಾರೆ. ಉತ್ತರ 19,05,69,292. ಮ್ಯಾಕ್‌ಮಹೋನ್ ಅನ್ನುವವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ 200ರವರೆಗೂ ಕೈಲೆಕ್ಕ ಮಾಡಿ ಪಟ್ಟಿ ಮಾಡಿದ್ದರು. ಆ ಪಟ್ಟಿ ನೋಡುತ್ತಾ ರಾಮಾನುಜನ್ ಒಂದು ವಿಚಿತ್ರ ಗಮನಿಸಿದರು. 4, 9, 14, 19, 24ರ ವಿಭಜನೆಗಳು 5, 30, 135, 490, 1575. ಎಲ್ಲವೂ 5ರಿಂದ ಭಾಗವಾಗುತ್ತವೆ. ಹಾಗೇ 5, 12, 19ರಿಂದ ಶುರುವಾಗುವ ಸಾಲಿನಲ್ಲಿ 7. 6, 17, 28ರ ಸಾಲಿನಲ್ಲಿ 11. 1919ರಲ್ಲಿ ಅವರು 5 ಮತ್ತು 7ಕ್ಕೆ ಸಾಧನೆ (ಪ್ರೂಫ್) ಪ್ರಕಟಿಸಿದರು.

ಕೂಡುವ ಲೆಕ್ಕಕ್ಕೆ ಭಾಗಾಕಾರ ಯಾಕೆ ಬಂದು ಅಂಟಿಕೊಂಡಿತು ಅಂತ ಹಾಲ್‌ನಲ್ಲಿ ಒಬ್ಬರಿಗಾದರೂ ಅನ್ನಿಸಿದರೆ ನನ್ನ ಕೆಲಸ ಮುಗಿಯಿತು.

ಕೋಡ್_ಬರೆಯೋಳು

ನಾನು ಗಣಿತದಲ್ಲಿ ಪದವಿ ಮಾಡಿ ಸಾಫ್ಟ್‌ವೇರಿಗೆ ಬಂದವಳು. ಮೂರು ವರ್ಷದಲ್ಲಿ ಕೇಳಿದ ವಿಶೇಷ ಉಪನ್ಯಾಸಗಳಲ್ಲಿ ಒಂದೇ ಒಂದು ನೆನಪಿದೆ.

ಅವರು ಒಂದು ಪುಸ್ತಕ ಹಿಡಿದುಕೊಂಡು ಬಂದರು. ಹಿಂಬದಿಯ ಐಎಸ್‌ಬಿಎನ್ ಅಂಕಿಗಳನ್ನು (ಪುಸ್ತಕದ ಗುರುತಿನ ಸಂಖ್ಯೆ) ಬೋರ್ಡಿನ ಮೇಲೆ ಬರೆದರು, ಒಂದನ್ನು ಬೇಕಂತಲೇ ತಪ್ಪಾಗಿ. "ಇದರಲ್ಲಿ ಒಂದು ತಪ್ಪಿದೆ ಅಂತ ಪುಸ್ತಕ ನೋಡದೆ ಹೇಳಬಹುದು, ಹೇಗೆ?" ಅಂದರು. ಹಳೆಯ ಹತ್ತು ಅಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿಯನ್ನು 10ರಿಂದ, ಎರಡನೆಯದನ್ನು 9ರಿಂದ, ಹೀಗೆ ಇಳಿಯುತ್ತಾ ಗುಣಿಸಿ ಕೂಡಿದರೆ ಮೊತ್ತ 11ರಿಂದ ಭಾಗವಾಗಬೇಕು. ಯಾವುದೇ ಎರಡು ಅಂಕಿ ಅದಲು ಬದಲಾದರೂ ಸಿಕ್ಕಿಬೀಳುತ್ತದೆ. ಯಾಕೆಂದರೆ 11 ಅವಿಭಾಜ್ಯ, ಅದಕ್ಕಿಂತ ಚಿಕ್ಕ ಎರಡು ಸಂಖ್ಯೆಗಳ ಗುಣಲಬ್ಧವನ್ನು ಅದು ಭಾಗಿಸಲಾರದು. ಅಷ್ಟು ದಿನ ಮಾಡ್ಯುಲೋ ಲೆಕ್ಕ, ಅಂದರೆ ಭಾಗಿಸಿ ಉಳಿದ ಶೇಷದ ಲೆಕ್ಕ, ನನಗೆ ಪರೀಕ್ಷೆಯ ಎರಡು ಅಂಕ ಮಾತ್ರ ಆಗಿತ್ತು.

ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. 2007ರಿಂದ ಬಂದ ಹದಿಮೂರು ಅಂಕಿಯ ಪದ್ಧತಿಯಲ್ಲಿ ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿ, ಮೊತ್ತವನ್ನು 10ರಿಂದ ಭಾಗಿಸುತ್ತಾರೆ. ಅದರಲ್ಲಿ ಪಕ್ಕಪಕ್ಕದ ಕೆಲವು ಅದಲು ಬದಲು ಸಿಕ್ಕಿಬೀಳುವುದಿಲ್ಲ. ಯಾವುವು ಅಂತ ನೀವೇ ಹುಡುಕಿ ಅಂದರು. ಬಸ್ಸಿನಲ್ಲಿ ಕೂತು ಹುಡುಕಿದೆ. ಎರಡು ಅಂಕಿಗಳ ನಡುವಿನ ವ್ಯತ್ಯಾಸ 5 ಇದ್ದರೆ ತಪ್ಪಿಸಿಕೊಳ್ಳುತ್ತದೆ. 2 ಮತ್ತು 7, 1 ಮತ್ತು 6, ಹೀಗೆ. ಜೀವನದಲ್ಲಿ ಯಾರೂ ಹೇಳಿಕೊಡದೆ ನಾನೇ ಸಾಧಿಸಿದ ಮೊದಲ ಪ್ರಮೇಯ ಅದು. ತುಂಬಾ ಸಣ್ಣದು, ಆದರೂ.

ಸಿಲಬಸ್_ಮುಗಿಸಿ

ಎಲ್ಲ ಕೇಳಲು ಚೆಂದ. ಒಬ್ಬರಿಗೆ ಬಸ್ಸಿನಲ್ಲಿ ಹೊಳೆಯಿತು, ಸಂತೋಷ. ಉಳಿದ 59 ಜನರಿಗೆ?

ಕೋಡ್_ಬರೆಯೋಳು

ಸರ್, ರಿಯಲ್ ಅನಾಲಿಸಿಸ್ ಕ್ಲಾಸಿನಲ್ಲಿ 60ಕ್ಕೆ 60 ಜನರಿಗೂ ಹೊಳೆಯುತ್ತಾ?

ಸಿಲಬಸ್_ಮುಗಿಸಿ

ಒಪ್ಪಿದೆ, ಅದು ಸರಿಯಾದ ಏಟು. ಆದರೂ ನನ್ನ ಮಾತು ಬಿಡುವುದಿಲ್ಲ. ಮಾಡಿಸಲೇಬೇಕು ಅಂದರೆ ಪಾಠಕ್ಕೆ ಅಂಟಿಸಿ. ನಾನು ಶ್ರೇಣಿ ಮಾಡುವ ವಾರ ಶ್ರೇಣಿಯ ಬಗ್ಗೆ ಮಾತಾಡಲಿ. 1, 1/2, 1/3 ಕೂಡುತ್ತಾ ಹೋದರೆ ಮೊತ್ತ ಎಲ್ಲೂ ನಿಲ್ಲುವುದಿಲ್ಲ ಅಂತ 14ನೇ ಶತಮಾನದಲ್ಲೇ ಓರೆಮ್ ತೋರಿಸಿದ್ದು, ಅದೇ ಶತಮಾನದ ಕೇರಳದ ಗಣಿತಜ್ಞ ಮಾಧವನ 1 − 1/3 + 1/5 − 1/7 ಅನ್ನುವ ಶ್ರೇಣಿ π/4ಕ್ಕೆ ಬಂದು ನಿಲ್ಲುವುದು, ಈ ಎರಡನ್ನು ಅಕ್ಕಪಕ್ಕ ಇಟ್ಟರೆ ನನ್ನ ಒಂದು ವಾರದ ಪಾಠಕ್ಕೆ ಜೀವ ಬರುತ್ತದೆ. ಹಾಗೆ ಬರುವವರಿದ್ದರೆ ನನ್ನ ಪೀರಿಯಡ್ ನಾನೇ ಬಿಟ್ಟುಕೊಡುತ್ತೇನೆ.

ಬಳಪ_ಬೋರ್ಡು

ನೋಡಿ, ಸಿಲಬಸ್ ಮೇಷ್ಟ್ರಿಗೂ ಆಸೆ ಇದೆ. ಸುಮ್ನೆ ಗದರುತ್ತಾರೆ.

ಸ್ಲೈಡಿನ ವಿಷಯಕ್ಕೆ ಬರುತ್ತೇನೆ. ಚಿತ್ರ, ನಕ್ಷೆ ತೋರಿಸಲು ಸ್ಲೈಡ್ ಇರಲಿ. ಸಾಧನೆ ಮಾತ್ರ ಬೋರ್ಡಿನ ಮೇಲೇ ಆಗಬೇಕು. ಕೈ ಬರೆಯುವ ವೇಗವೇ ತಲೆ ಹಿಡಿಯುವ ವೇಗ. ಸ್ಲೈಡಿನಲ್ಲಿ ಹತ್ತು ಸಾಲು ಒಟ್ಟಿಗೇ ಬಂದು ಬೀಳುತ್ತವೆ, ಯಾವುದು ಮೊದಲು ಹೊಳೆಯಿತು ಅಂತ ಗೊತ್ತೇ ಆಗುವುದಿಲ್ಲ.

1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಮಾಡಿದ್ದನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ. 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯ ಅಂತ 1644ರಲ್ಲಿ ಮರ್ಸೆನ್ ಬರೆದಿದ್ದ. ಅಲ್ಲ ಅಂತ 1876ರಲ್ಲಿ ಲೂಕಾ ತೋರಿಸಿದ, ಆದರೆ ಅಪವರ್ತನ ಯಾರಿಗೂ ಸಿಕ್ಕಿರಲಿಲ್ಲ. ಕೋಲ್ ಬೋರ್ಡಿನ ಒಂದು ಬದಿ 147573952589676412927 ಬರೆದ. ಇನ್ನೊಂದು ಬದಿ 193707721 ಮತ್ತು 761838257287 ಬರೆದು ಗುಣಿಸಿದ. ಎರಡೂ ಒಂದೇ. ಒಂದು ಮಾತೂ ಆಡದೆ ಹೋಗಿ ಕೂತ, ಸಭೆ ಎದ್ದು ಚಪ್ಪಾಳೆ ಹೊಡೆಯಿತು ಅಂತ ಕಥೆ. ಕಥೆಗೆ ಉಪ್ಪು ಖಾರ ಸೇರಿರಬಹುದು. ಗುಣಾಕಾರ ಮಾತ್ರ ನಿಜ, ನೀವೇ ಮಾಡಿ ನೋಡಬಹುದು.

ಕೊನೆಬೆಂಚು

ಮಾಡಿ ನೋಡಿದೆ ಸರ್. ಎರಡು ಸಲ ತಪ್ಪಿತು. ಮೂರನೇ ಸಲ ಬಂತು.

ಶೇಷ_ಸೊನ್ನೆ

ನನ್ನದೊಂದು ಸೇರಿಸುತ್ತೇನೆ. ತಪ್ಪು ಸಾಧನೆಯನ್ನೂ ತೋರಿಸಿ. ಅಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬರದಂತೆ ತುಂಬಲು ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಅಂತ ಕೆಂಪೆ 1879ರಲ್ಲಿ ಸಾಧಿಸಿದೆ ಅಂದ. ಎಲ್ಲರೂ ಒಪ್ಪಿದರು. ಹನ್ನೊಂದು ವರ್ಷ ಆದ ಮೇಲೆ, 1890ರಲ್ಲಿ ಹೀವುಡ್ ಅದರಲ್ಲಿ ತೂತು ಹುಡುಕಿದ. ಅದೇ ದಾರಿಯಲ್ಲಿ ಐದು ಬಣ್ಣ ಸಾಕು ಅಂತ ಮಾತ್ರ ನಿಲ್ಲುತ್ತದೆ ಅಂದ. ನಾಲ್ಕಕ್ಕೆ 1976ರವರೆಗೆ ಕಾಯಬೇಕಾಯಿತು, ಅದೂ ಅಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ಹಿಡಿದ ಮೇಲೆ. ಎರಡನೇ ವರ್ಷದ ಮಕ್ಕಳ ಮುಂದೆ ಕೆಂಪೆಯ ವಾದ ಇಟ್ಟು, ಎಲ್ಲಿ ಕಾಲು ಜಾರಿತು ಅಂತ ಹುಡುಕಿಸಿದ್ದೇನೆ. ಸಿಗುವುದು ಕಷ್ಟ. ಆದರೆ ಆ ಇಪ್ಪತ್ತು ನಿಮಿಷ ಅವರು ಓದಿದ ರೀತಿಯಲ್ಲಿ ಪಠ್ಯಪುಸ್ತಕವನ್ನು ಯಾವತ್ತೂ ಓದಿರಲಿಕ್ಕಿಲ್ಲ.

ಹೊಸ_ಮೇಡಂ

ಎಲ್ಲವನ್ನೂ ಬರೆದುಕೊಂಡೆ. ಪತ್ರ ಕಳಿಸಿದ್ದೇನೆ. ವಿಭಜನೆಗಳ ಬಗ್ಗೆ ಮಾತಾಡಲು ಒಬ್ಬರು ಒಪ್ಪಿದ್ದಾರೆ. ಪತ್ರ ನೋಡಿ ಅವರೇ ಫೋನ್ ಮಾಡಿ ಅರ್ಧ ಗಂಟೆ ವಿಚಾರಿಸಿದರು. ಮುಗಿದ ಮೇಲೆ ಬಂದು ಹೇಳುತ್ತೇನೆ.

ಒಂದು ಅನುಮಾನ. ಮಕ್ಕಳಿಗೆ ಮೊದಲೇ ಏನಾದರೂ ಹೇಳಿಕೊಡಬೇಕಾ, ಅಥವಾ ಅಚ್ಚರಿ ಹಾಗೇ ಇರಲಾ?

ಶೇಷ_ಸೊನ್ನೆ

ಹಿಂದಿನ ದಿನ ಹತ್ತು ನಿಮಿಷ. 6ರವರೆಗೆ ವಿಭಜನೆ ಬರೆಸಿ. ಐದರ ಗುಟ್ಟು ಮಾತ್ರ ಬಿಟ್ಟುಕೊಡಬೇಡಿ.

ಹೊಸ_ಮೇಡಂ

ಆರು ವಾರ ಆಯಿತು. ಬಾಕಿ ವರದಿ ಒಪ್ಪಿಸುತ್ತಿದ್ದೇನೆ.

ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಮೈಕ್ ಕೈಕೊಟ್ಟಿತು. ಮೊದಲ ವರ್ಷದ ಕೆಲವರು ಅರ್ಧಕ್ಕೇ ಎದ್ದು ಹೋದರು. ಪರಿಚಯವನ್ನು ಎರಡು ನಿಮಿಷಕ್ಕೆ ಇಳಿಸಿದ್ದಕ್ಕೆ ಹಿರಿಯರೊಬ್ಬರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮೇಷ್ಟ್ರುಗಳನ್ನೆಲ್ಲ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಮೊದಲ ಹದಿನೈದು ನಿಮಿಷ ಮಕ್ಕಳ ಪ್ರಶ್ನೆ ಮಾತ್ರ ಅಂತ ಮೊದಲೇ ಹೇಳಿಬಿಟ್ಟೆ. ಕೇಳಲು ಹೆದರುವವರು ಚೀಟಿಯಲ್ಲಿ ಬರೆದು ಕೊಡಲಿ ಅಂದೆ. ಹದಿನೇಳು ಚೀಟಿ ಬಂದವು! ನಾಲ್ಕರಲ್ಲಿ "ಇದು ಪರೀಕ್ಷೆಗೆ ಬರುತ್ತಾ?" ಅಂತ ಇತ್ತು, ಇರಲಿ.

ಬಂದವರು ಸ್ಲೈಡೇ ತಂದಿರಲಿಲ್ಲ. ಬೋರ್ಡಿನ ಮೇಲೆ ಆಯ್ಲರ್‌ನ ಒಂದು ಉಪಾಯ ಹೇಳಿಕೊಟ್ಟರು. 9ರ ವಿಭಜನೆ ಬೇಕಾದರೆ ಒಂದು ಹಿಂದಿನದು, ಎರಡು ಹಿಂದಿನದು ಕೂಡಿ. ಐದು ಹಿಂದಿನದು, ಏಳು ಹಿಂದಿನದು ಕಳೆಯಿರಿ. ಅಂದರೆ 8, 7ರ ವಿಭಜನೆ ಕೂಡಿ 4, 2ರದ್ದು ಕಳೆಯುವುದು. 22 + 15 − 5 − 2 = 30. ಮುಂದೆ 12, 15 ಹಿಂದಿನವು ಮತ್ತೆ ಕೂಡಬೇಕು, 22, 26 ಹಿಂದಿನವು ಕಳೆಯಬೇಕು, ಹೀಗೆ ಹೋಗುತ್ತದೆ. ಸಾಲು ಸಾಲಾಗಿ ಮಕ್ಕಳಿಂದಲೇ ಲೆಕ್ಕ ಮಾಡಿಸಿ 24ರವರೆಗೆ ಪಟ್ಟಿ ಬೋರ್ಡಿಗೆ ಬಂತು. ಐದರ ವಿಷಯ ಅವರು ಹೇಳಲೇ ಇಲ್ಲ. ನಡುವಿನ ಸಾಲಿನಿಂದ ಒಬ್ಬ ಹುಡುಗ "ಸರ್, ಐದೈದಕ್ಕೆ ಒಂದು ಸಲ ಕೊನೆಗೆ 0 ಅಥವಾ 5 ಬರ್ತಿದೆ" ಅಂತ ಕೂಗಿದ. ಆಗ ಅವರು ಬಳಪ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ನಿಂತರು. ಇಡೀ ಹಾಲ್ ಪಟ್ಟಿಯನ್ನೇ ನೋಡುತ್ತಿತ್ತು.

5, 7, 11 ಆಯಿತು. ಆಮೇಲೆ ಒಂದು ಚೀಟಿ ಬಂತು. "13ಕ್ಕೆ ಇಂಥದ್ದು ಇದೆಯಾ?" ಅಷ್ಟೇ. ಹೆಸರಿಲ್ಲ. ಅವರು ನಕ್ಕು, "ಬರೆದವರು ಹುಡುಕಲಿ, ಒಂದು ವಾರ ಬಿಟ್ಟು ನಿಮ್ಮ ಮೇಡಂ ಹತ್ತಿರ ಉತ್ತರ ಕೇಳುತ್ತೇನೆ" ಅಂದರು. ನನಗೂ ಉತ್ತರ ಗೊತ್ತಿಲ್ಲ!

ಶೇಷ_ಸೊನ್ನೆ

ಓಹೋ, ಒಳ್ಳೆಯ ಚೀಟಿ. ನಿಮಗೆ ಮಾತ್ರ ಹೇಳುತ್ತೇನೆ, ಆ ಮಗುವಿಗೆ ಈಗಲೇ ಹೇಳಬೇಡಿ. 5, 7, 11ಕ್ಕೆ ಇರುವಷ್ಟು ಸರಳವಾದ ಸಾಲು ಬೇರೆ ಯಾವ ಅವಿಭಾಜ್ಯಕ್ಕೂ ಇಲ್ಲ. ಇದನ್ನು ಅಲ್ಗ್ರೆನ್ ಮತ್ತು ಬಾಯ್ಲನ್ 2003ರಲ್ಲಿ ಸಾಧಿಸಿದರು. ಬೇರೆ ಯಾವುದಕ್ಕೂ ಇಲ್ಲ ಅನ್ನುವ ರಾಮಾನುಜನ್ ಅವರ ಊಹೆಗೂ ಈ ಸಾಧನೆಗೂ ನಡುವೆ ಎಂಬತ್ತಕ್ಕೂ ಜಾಸ್ತಿ ವರ್ಷ. 13ಕ್ಕೆ ಏನೂ ಇಲ್ಲವೇ ಇಲ್ಲ ಅಂತಲ್ಲ. 237ರಿಂದ ಶುರು ಮಾಡಿ 17303 ಹೆಜ್ಜೆ ಹಾಕುತ್ತಾ ಹೋದರೆ ಪ್ರತಿಯೊಂದರ ವಿಭಜನೆಯೂ 13ರಿಂದ ಭಾಗವಾಗುತ್ತದೆ. ಅದು ಆಟ್ಕಿನ್ ಕಂಡುಕೊಂಡದ್ದು.

ಕೋಡ್_ಬರೆಯೋಳು

17303! ನಾಲ್ಕು ಸಾಲಿನ ಕೋಡ್ ಬರೆದು ನೋಡಿದರೂ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಲ್ಲ. ಬೇಕಾದರೆ ಕೋಡ್ ಕಳಿಸಲಾ ಮೇಡಂ?

ಬಳಪ_ಬೋರ್ಡು

ಬೇಡಮ್ಮ, ಒಂದು ವಾರ ಕೈಲೇ ಮಾಡಲಿ.

ಸಿಲಬಸ್_ಮುಗಿಸಿ

ಮೂರು ಪೀರಿಯಡ್ ಹೋಯಿತಾ, ಎರಡಾ? ಸುಮ್ನೆ ಕೇಳಿದೆ.

ಹೊಸ_ಮೇಡಂ

ಎರಡೇ ಸರ್. ನಿಮ್ಮ ಶ್ರೇಣಿಯ ವಾರ ಯಾವಾಗ ಅಂತ ಹೇಳಿ, ಮುಂದಿನದು ನಿಮ್ಮ ಪೀರಿಯಡ್‌ಗೇ.

ಚೀಟಿ ಬರೆದದ್ದು ಎರಡನೇ ವರ್ಷದ ಹುಡುಗಿ. ಇಷ್ಟು ದಿನ ಕ್ಲಾಸಿನಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಇವತ್ತು ಸ್ಟಾಫ್ ರೂಮಿಗೆ ನೋಟ್‌ಬುಕ್ ಹಿಡಿದು ಬಂದಳು. 28ರ ವಿಭಜನೆ 3718, ಅದು 13ರಿಂದ ಭಾಗವಾಗುತ್ತದೆ, ಅದಕ್ಕಿಂತ ಮೊದಲು ಎಲ್ಲೂ ಆಗುವುದಿಲ್ಲ ಅಂತ ಕಂಡುಕೊಂಡಿದ್ದಾಳೆ. ಸಿಕ್ಕೇಬಿಟ್ಟಿತು ಅಂದುಕೊಂಡು ಇನ್ನೂ 13 ಮುಂದೆ, 41ರವರೆಗೆ ಕೈಯಲ್ಲೇ ಹೋಗಿದ್ದಾಳೆ. ಉತ್ತರ 44583. ಭಾಗಿಸಿದರೆ ಶೇಷ 6.

"ಕೂಡುವಾಗ ಎಲ್ಲೋ ತಪ್ಪಿರಬೇಕು ಮೇಡಂ, ಇನ್ನೊಂದು ಸಲ ಮಾಡ್ತೀನಿ" ಅಂದಳು. ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಬಿಳಿ ಹಾಳೆ ಕೊಟ್ಟೆ, ಪಕ್ಕದ ಮೇಜಿನಲ್ಲಿ ಕೂತು 29ರಿಂದ ಮತ್ತೆ ಶುರು ಮಾಡಿದ್ದಾಳೆ.